ರೊಟ್ಟಿವೀರನ ಅಂಗಿ ಹಳತಾದ ಮಳೆಗಾಲ

ಪೂರ್ತಿ ಆರದ ಜೀನ್ಸ್ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ನೀಲಿ ಬಣ್ಣದ್ದು, ಸ್ವಲ್ಪ ಕಾದ ನೂಲಿನದು, ಸ್ವಲ್ಪ ಮಳೆಯದು. ಹೋದ ವಾರ ಮೊಮ್ಮಗಳು ಉಮಾ ರಾಣೆಬೆನ್ನೂರಿಗೆ ಬಂದಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಮಳೆಗೆ ತೊಯ್ದ ಪ್ಯಾಂಟನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಾಸಿ ಇಸ್ತ್ರಿ ಮಾಡುತ್ತಿದ್ದಳು. ನಾನು ಹಿಟ್ಟು ನಾದುತ್ತ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿಯಿತು, ನಗು ಬಂತು. ತಡೆಯಲಾಗಲಿಲ್ಲ.

“ಯಾಕಜ್ಜಿ, ಒಬ್ಬಾಕೀನ ನಗ್ತೀ?” ಎಂದಳು.

“ನೀ ಹುಟ್ಟೂಕಿಂತ ಮೊದಲು ನಿನ್ನ ಅಂಗಿ ಹಳೇದಾಗಿತ್ತು ನೋಡು, ಅದು ನೆನಪಾತು” ಎಂದೆ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ, ಬರೆದುಕೊಳ್ಳುತ್ತಿರುವವಳೂ ಅವಳೇ. ಕೋಲ್ಕತ್ತದ ಸಾಲ್ಟ್ ಲೇಕಿನ ಐದನೇ ಸೆಕ್ಟರಿನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಳಿಯ ಬಸವರಾಜ ಸೆಂಟ್ರಲ್ ಗೌರ್ಮೆಂಟಿನ ನೌಕರ, ವರ್ಗವಾಗಿ ಕೋಲ್ಕತ್ತಕ್ಕೆ ಹೋದರು. ಹಿಂದೆಯೇ ಹೋದ ಮಗಳು ವಿಜಿಗೆ ಅಂಥದೊಂದು ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಕನ್ನಡದ ಬೋರ್ಡನ್ನೇ ಕೂಡಿಸಿ ಕೂಡಿಸಿ ಓದುವವಳು. ಅಲ್ಲಿ ಬಸ್ಸಿನ ಬೋರ್ಡನ್ನು ಬಣ್ಣದ ಮೇಲೆ ಗುರುತು ಹಿಡಿಯುತ್ತಿದ್ದೆ. ಮಗಳು ಬಸುರಿ ಎಂದು ಫೋನು ಬಂದಾಗ ನಮ್ಮ ಯಜಮಾನರು ಗಿರಣಿ ಬಿಟ್ಟು ಬರುವಂತಿರಲಿಲ್ಲ. ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ನಮ್ಮ ಅತ್ತೆ ಉಟ್ಟು ಮೆತ್ತಗಾಗಿದ್ದ ಹಳೆಯ ಸೀರೆ, ಇಷ್ಟನ್ನು ಗಂಟು ಕಟ್ಟಿಕೊಂಡು ನಾನೊಬ್ಬಳೇ ರೈಲು ಹತ್ತಿದೆ.

ಸೀರೆ ಯಾಕೆಂದರೆ, ಹುಟ್ಟಿದ ಕೂಸಿಗೆ ನಮ್ಮಲ್ಲಿ ಮೊದಲು ಹಾಕುವುದು ಹಳೆಯ ಬಟ್ಟೆಯನ್ನೇ. ತುಂಬು ಬಾಳು ಬಾಳಿದವರು ಉಟ್ಟು ಬಿಟ್ಟದ್ದನ್ನು ಹರಿದು ಕೂಸನ್ನು ಸುತ್ತುತ್ತೇವೆ. ಅದು ಭೂಮಿಗೆ ಬೀಳುವ ಮೊದಲೇ ಅದರ ಹೆಸರಿನಲ್ಲಿ ಹೊಸದೊಂದು ಎಳೆಯನ್ನೂ ಮನೆಗೆ ತರುವುದಿಲ್ಲ. ಹಿಂದಿನ ವರ್ಷ ವಿಜಿ ಮೊದಲ ಸಲ ಬಸುರಾದಾಗ ಇದನ್ನು ಹೇಳಲು ನಾನು ಹತ್ತಿರವಿರಲಿಲ್ಲ. ಬಸವರಾಜ ಖುಷಿಗೆ ಆಫೀಸಿನಿಂದ ಬರುತ್ತ ಅಂಗಿ, ಕುಂಚಿಗೆ, ಕಾಲುಚೀಲ ಎಲ್ಲ ತಂದಿಟ್ಟಿದ್ದರು. ಆರು ತಿಂಗಳಿಗೆ ಹೋಯಿತು. ಗಂಡುಕೂಸಂತೆ.

“ಅದು ಅಂಗಿಯಿಂದ ಆಗಿದ್ದಲ್ಲವ್ವಾ. ಡಾಕ್ಟರು ಬಿಡಿಸಿ ಹೇಳ್ಯಾರ” ಎಂದಳು ವಿಜಿ, ನಾನು ಹೋದ ದಿನವೇ.

“ಯಾತರಿಂದಾರ ಆಗಿರಲಿ. ಈ ಸಲ ಕೂಸು ಕಣ್ಣು ಬಿಡೂ ತನಕ ಒಂದ ಗುಂಡಿ ಸೈತ ಹೊಸಾದು ಬರಬಾರದು.”

ಬಸವರಾಜ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅಂದಿನಿಂದ ಅವರು ಅಂಗಡಿಯಿಂದ ಏನು ತಂದರೂ ಚೀಲ ಬಿಚ್ಚಿ ನನಗೆ ತೋರಿಸಿಯೇ ಒಳಗೆ ಹೋಗುತ್ತಿದ್ದರು, ಬರೀ ಬೆಂಡೆಕಾಯಿ ಇದ್ದರೂ.

ವಿಜಿಗೆ ಬಯಕೆ ಎಂದರೆ ಎರಡು ಊರಿನದು. ಬೆಳಿಗ್ಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ಬೇಕು. ಸಂಜೆ ಆಫೀಸು ಬಿಟ್ಟರೆ ಫುಚ್ಕಾ ಬೇಕು. ನಮ್ಮ ಪಾನಿಪೂರಿಯದೇ ಅಕ್ಕ, ಹುಳಿ ಇನ್ನೂ ಜಾಸ್ತಿ. ಮೇಲೆ ಮಣ್ಣಿನ ಕುಡಿಕೆಯಲ್ಲಿ ಸಿಹಿ ಮೊಸರು. ಆಫೀಸಿನಲ್ಲಿ ಅವಳ ಪಕ್ಕದ ಕುರ್ಚಿಯವಳು ಸೋಹಿನಿ, ಮಕ್ಕಳ ಕಂಪ್ಯೂಟರ್ ಪಾಠಗಳಿಗೆ ಚಿತ್ರ ಬರೆಯುವ ಬಂಗಾಲಿ ಹುಡುಗಿ. ಡಬ್ಬಿ ಬಿಚ್ಚುವಾಗ ದಿನಾ ಕೇಳುತ್ತಿದ್ದಳಂತೆ, “ಇವತ್ತು ಯಾವುದರ ಮೇಲೆ ಆಸೆ?” ಎಂದು. ವಿಜಿ ಹೇಳುತ್ತಿದ್ದಳು, ಸೋಹಿನಿ ನಗುತ್ತಿದ್ದಳು. ಅವಳು ಅದನ್ನೆಲ್ಲ ತಲೆಯಲ್ಲಿ ಕೂಡಿಡುತ್ತಿದ್ದಾಳೆಂದು ಯಾರಿಗೆ ಗೊತ್ತು?

ಶ್ರಾವಣದಲ್ಲಿ ಏಳು ತಿಂಗಳಾಯಿತು. ಆರು ದಾಟಿತಲ್ಲ ಎಂದು ಮೊದಲ ಬಾರಿ ಸರಿಯಾಗಿ ಉಸಿರು ಬಿಟ್ಟೆ. ಕುಬಸ ಮಾಡಿಯೇ ಬಿಡೋಣ ಎಂದೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಬಯಸಿದ್ದನ್ನೆಲ್ಲ ಮಾಡಿ ಉಣ್ಣಿಸಿ, ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಊರಾಗಿದ್ದರೆ ಓಣಿಯೇ ಬಂದು ಕೂರುತ್ತಿತ್ತು. ಸಾಲ್ಟ್ ಲೇಕಿನ ಮೂರನೇ ಮಹಡಿಗೆ ಬಂದವರು ವಿಜಿಯ ಆಫೀಸಿನ ಹೆಣ್ಣುಮಕ್ಕಳು, ಎದುರು ಮನೆಯವರು. ಪದ್ಧತಿಯನ್ನು ವಿಜಿಯೇ ಅವರಿಗೆ ತಿಳಿಸಿ ಹೇಳಿದ್ದಳು: ಬಸುರಿಗೆ ಹೊಸ ಅಂಗಿ ಕೊಡುತ್ತಾರೆ, ಬಯಕೆಯದ್ದನ್ನು ಕೊಡುತ್ತಾರೆ, ಕೊಡುವುದನ್ನು ಮಡಿಲಿಗೆ ಹಾಕುತ್ತಾರೆ.

ಎಲ್ಲರೂ ಉಡಿ ತುಂಬಿದ ಮೇಲೆ ಸೋಹಿನಿ ಎದ್ದಳು. ದೊಡ್ಡ ಪೊಟ್ಟಣ ಬಿಚ್ಚಿ ಒಂದು ಡೆನಿಮ್ ಜಾಕೆಟ್ ತೆಗೆದು ಬೆನ್ನು ತಿರುಗಿಸಿ ಹಿಡಿದಳು. ಯವ್ವಾ, ಏನು ಹೇಳಲಿ! ಸಿನಿಮಾದಲ್ಲಿ ಹೆಗಲಿಗೆ ಬಟ್ಟೆ ಕಟ್ಟಿಕೊಂಡು ಹಾರುವ ವೀರರು ಇರುತ್ತಾರಲ್ಲ, ಹಾಗೆ ನಮ್ಮ ಜೋಳದ ರೊಟ್ಟಿ ಹಾರುತ್ತಿತ್ತು. ದುಂಡು ಮುಖ, ಅಲ್ಲಲ್ಲಿ ಸುಟ್ಟ ಚುಕ್ಕೆ, ಬೆನ್ನಿಗೆ ಕೆಂಪು ಶಲ್ಯ, ಕೆಳಗೆ ಗಾಜಿನ ಕಟ್ಟಡ. ಪಕ್ಕದಲ್ಲಿ ಬದನೆಕಾಯಿ, ತೊಟ್ಟನ್ನೇ ಶಿರಸ್ತ್ರಾಣ ಮಾಡಿಕೊಂಡು ಮುಷ್ಟಿ ಚಾಚಿದ್ದ. ಬ್ಯಾಡಗಿ ಮೆಣಸಿನಕಾಯಿ ಕಣ್ಣಿಂದ ಬೆಂಕಿ ಬಿಡುತ್ತಿದ್ದಳು. ಹೊಟ್ಟೆ ಉಬ್ಬಿದ ಫುಚ್ಕಾ ಒಂದೇ ಕೈಯಲ್ಲಿ ಬಸ್ಸು ಎತ್ತಿದ್ದ. ಮೊಸರಿನ ಕುಡಿಕೆ ತಲೆಯ ಮುಚ್ಚಳ ತೆಗೆದು ಎಲ್ಲರಿಗೂ ನಮಸ್ಕಾರ ಮಾಡುತ್ತಿತ್ತು. ಚಿತ್ರ ಸೋಹಿನಿಯದು, ಹೊಲಿಸಿ ಅಚ್ಚು ಹಾಕಿಸಿದ್ದು ಗಾರ್ಡನ್ ರೀಚ್ ಕಡೆಯ ದರ್ಜಿಗಳ ಓಣಿಯಲ್ಲಂತೆ.

“ಮಾಶಿಮಾ, ಇದು ನಮ್ಮ ಆಫೀಸಿನ ಕುಬಸ” ಎಂದಳು ನನಗೆ, ಮಾಶಿಮಾ ಎಂದರೆ ಅವರಲ್ಲಿ ಚಿಕ್ಕಮ್ಮ. ನಾನು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಹಾಗೆ ಒರೆಸಿಕೊಳ್ಳುವಷ್ಟರಲ್ಲೇ ಅವಳು ಪೊಟ್ಟಣದೊಳಗಿಂದ ಇನ್ನೊಂದನ್ನು ತೆಗೆದು ವಿಜಿಯ ಉಡಿಗೆ ಹಾಕಿಬಿಟ್ಟಳು. ಅಂಥದೇ ಡೆನಿಮ್ಮಿನದು, ಕೂಸಿನದು, ತೋಳಿಲ್ಲದ ಪುಟ್ಟ ಅಂಗಿ. ಬೆನ್ನಿನ ಮೇಲೆ ರೊಟ್ಟಿವೀರ ಒಬ್ಬನೇ.

ಬಸವರಾಜ ನನ್ನ ಮುಖ ನೋಡಿದರು. ವಿಜಿ ತಲೆ ತಗ್ಗಿಸಿ ಉಡಿಯನ್ನೇ ನೋಡುತ್ತಿದ್ದಳು. ಸೋಹಿನಿಯದೇನು ತಪ್ಪು? ಮಡಿಲಿಗೆ ಹಾಕಬೇಕೆಂದು ಕೇಳಿದ್ದಳು, ಹಾಕಿದಳು. ನಾನು ಅವಳ ಗಲ್ಲ ಸವರಿ, ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಎಲ್ಲರೂ ಹೋದ ಮೇಲೆ ಕುಂತೆವು ಮೂವರೂ, ನಡುವೆ ಆ ಅಂಗಿ.

“ಅತ್ತೀ, ನಾ ಒಯ್ದು ಆಕೀಗೇ ವಾಪಸ್ ಕೊಟ್ಟು ಬರ್ತೀನಿ” ಎಂದರು ಬಸವರಾಜ.

“ಉಡಿಗೆ ಬಿದ್ದಿದ್ದನ್ನ ಹೊಳ್ಳಿ ಕೊಡ್ತಾರೇನ್ರೀ? ಬರೂ ಕೂಸನ್ನ ಹೊಳ್ಳಿ ಕಳಿಸಿದಂಗ ಆಗತೈತಿ.”

“ಹಂಗಾದ್ರ ಇಟ್ಕೊಳ್ಳೋಣು.”

“ಇಟ್ಕೊಳ್ಳಾಕ ಬರೂದಿಲ್ಲ.”

“ಇಟ್ಕೊಳ್ಳಂಗಿಲ್ಲ, ಕೊಡಂಗಿಲ್ಲ. ಯವ್ವಾ, ನಿನ್ನ ಕಾಯ್ದೆ ನಮ್ಮ ಆಫೀಸಿಂದಕಿಂತ ಕಡಕ್ ಅದ ನೋಡು” ಎಂದು ವಿಜಿ ನಕ್ಕಳು. ನಕ್ಕರೂ ಕೈ ಹೊಟ್ಟೆಯ ಮೇಲೇ ಇತ್ತು.

ಆ ದಿನವೆಲ್ಲ ಅದನ್ನೇ ಯೋಚಿಸಿದೆ. ಉಡಿಯ ಅಕ್ಕಿಯನ್ನು ಬೇಯಿಸಿ ಉಣ್ಣುತ್ತೇವೆ, ಕಾಯಿ ಒಡೆಯುತ್ತೇವೆ, ಕುಬಸದ ಕಣ ಹೊಲಿಸಿ ತೊಡುತ್ತೇವೆ. ಉಡಿಗೆ ಬಿದ್ದದ್ದು ಬಳಕೆಯಾಗಬೇಕು. ಕೂಸಿಗೆ ಹಳೆಯದು ಆಗುತ್ತದೆ, ಹೊಸದು ಆಗುವುದಿಲ್ಲ. ಹಾಗಾದರೆ ಇದನ್ನು ಹಳೆಯದು ಮಾಡಿದರಾಯಿತು! ಬೆಳೆದು ಗಟ್ಟಿಯಾದ ಬೇರೆ ಕೂಸು ತೊಟ್ಟು, ಒಗೆಸಿಕೊಂಡು, ಕೊಳೆ ಮಾಡಿ, ಮತ್ತೆ ಒಗೆಸಿಕೊಂಡು ಬಿಟ್ಟ ಅಂಗಿಯಾದರೆ ಅದರಲ್ಲಿ ಯಾರ ಅವಸರವೂ ಉಳಿಯುವುದಿಲ್ಲ.

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಇಸ್ತ್ರಿ ಬಂಡಿ ಇತ್ತು. ಬಿಹಾರದ ರಾಮ್‌ಧನಿ ಮತ್ತು ಅವನ ಹೆಂಡತಿ ಸುನೈನಾ ಅದನ್ನು ನಡೆಸುತ್ತಿದ್ದರು. ಅವರ ಮಗಳು ಮುನ್ನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಕೆನ್ನೆ ಎರಡೂ ಬೋಂಡಾದ ಹಾಗೆ. ಸೋಹಿನಿ ಕೂಸಿನ ಅಳತೆ ಗೊತ್ತಿಲ್ಲದೆ ಅಂಗಿಯನ್ನು ದೊಡ್ಡದಾಗಿಯೇ ಹೊಲಿಸಿದ್ದಳು, ಮುನ್ನಿಗೆ ಸರಿಹೋಗುವಂತಿತ್ತು. ನನ್ನ ಹಿಂದಿ ಎಂದರೆ ಅರ್ಧ ಕೈಸನ್ನೆ. ಸುನೈನಾಳ ಮಾತನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ನಾನು ಹೇಳಿದ್ದನ್ನೆಲ್ಲ ಅವಳು ಇಸ್ತ್ರಿ ಎಳೆಯುತ್ತ ಕೇಳಿದಳು. ಯಾರದೋ ಜೀನ್ಸ್ ಪ್ಯಾಂಟಿನಿಂದ ಹಬೆ ಏಳುತ್ತಿತ್ತು.

“ಒಂದು ಮಾತು ಕೇಳಲಾ ಅಮ್ಮಾಜಿ? ನಿಮ್ಮ ಮನೆಯ ಮಗುವಿಗೆ ಕೆಡುಕು ತರೋ ಅಂಗಿ ನನ್ನ ಮುನ್ನಿಗೆ ಒಳ್ಳೇದು ಮಾಡುತ್ತಾ?”

ನೇರವಾಗಿ ಕಣ್ಣಿಗೆ ಕಣ್ಣಿಟ್ಟು ಕೇಳಿದಳು. ಕೇಳಬೇಕಾದ ಮಾತೇ ಅದು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

“ಕೆಡುಕು ಅಂಗಿಯೊಳಗಿಲ್ಲವ್ವಾ” ಎಂದೆ. “ಇನ್ನೂ ಬರದವರ ಹೆಸರಲ್ಲಿ ಅವಸರ ಮಾಡಬಾರದು ಅನ್ನೂದು ನಮ್ಮ ಅಂಜಿಕಿ. ಹೋದ ವರ್ಷ ಒಂದು ಹೋಗೇತಿ. ನಿನ್ನ ಮುನ್ನಿ ಬಂದು ಕುಂತಾಳ, ಹಲ್ಲು ಮೂಡ್ಯಾವ, ಬಂಡಿ ಗಾಲಿ ಹಿಡಿದು ನಿಲ್ತಾಳ. ಅಕಿಗ್ಯಾತರ ಅಂಜಿಕಿ?”

ಸುನೈನಾ ಪ್ಯಾಂಟಿನ ಇನ್ನೊಂದು ಕಾಲನ್ನೂ ಮುಗಿಸಿ, ಮಡಚಿ, ರಾಶಿಯ ಮೇಲಿಟ್ಟಳು. ಆಮೇಲೆ ಹೇಳಿದಳು:

“ಹೋದದ್ದು ನನಗೆ ಗೊತ್ತಿರಲಿಲ್ಲ. ಆಗಲಿ, ಆದರೆ ತೊಡಿಸೋರು ನೀವೇ. ಮೇಲಿನ ಮನೆಯಲ್ಲಿ ನಿಮ್ಮ ಮಗಳಿಗೆ ಏನೇನು ಮಾಡಿದಿರೋ ಅಷ್ಟೂ ಇಲ್ಲಿ ನನ್ನ ಮಗಳಿಗೂ ಮಾಡಬೇಕು. ಒಂದೂ ಕಡಿಮೆ ಆಗಬಾರದು.”

ಮರುದಿನ ಬೆಳಿಗ್ಗೆ ಆರತಿ ತಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹೋಳಿಗೆ ಎಲ್ಲ ಹಿಡಿದುಕೊಂಡು ಕೆಳಗಿಳಿದೆ. ಮುನ್ನಿಯನ್ನು ಮಣೆಯ ಮೇಲೆ ಕೂರಿಸಿ ನನ್ನ ಕೈಯಾರೆ ಅಂಗಿ ತೊಡಿಸಿದೆ. ಸುನೈನಾಳ ಉಡಿ ತುಂಬಿದೆ. ಮುನ್ನಿ ಅಕ್ಷತೆ ಹೆಕ್ಕಿ ಬಾಯಿಗೆ ಹಾಕಿಕೊಂಡಳು. ಆಫೀಸಿಗೆ ಹೊರಟಿದ್ದವರು ಕೈಯಲ್ಲಿ ಬ್ಯಾಗು ಹಿಡಿದು ನಿಂತು ನೋಡಿದರು.

“ಅಮ್ಮಾಜಿ, ಅಷ್ಟಕ್ಕೇ ಬಿಟ್ಟರೆ ಬಂಡಿ ಮುನಿಸಿಕೊಳ್ಳುತ್ತೆ” ಎಂದ ರಾಮ್‌ಧನಿ. ಬಂಡಿಗೂ ಕುಂಕುಮವಿಟ್ಟೆ.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಅಳೆದದ್ದು ಆ ಅಂಗಿಯಿಂದಲೇ. ಸೆಕೆ ಇದ್ದಾಗ ಸುನೈನಾ ತೊಡಿಸುತ್ತಿರಲಿಲ್ಲ. ಸಂಜೆ ಮಳೆಗಾಳಿ ಬಿಟ್ಟರೆ ಮುನ್ನಿಯ ಮೈಮೇಲೆ ಅದೇ. ಕೆಸರಾಗುತ್ತಿತ್ತು, ಮರುದಿನ ಕಲ್ಲಿನ ಮೇಲೆ ಬಡಿತ ತಿನ್ನುತ್ತಿತ್ತು. ಮಳೆ ಬಿಡದೆ ಬಟ್ಟೆ ಆರದಿದ್ದರೆ ಇಸ್ತ್ರಿ ಹಾಕಿ ಆರಿಸುತ್ತಿದ್ದಳು. ಹಾಗೆ ಆರಿಸುವಾಗಲೇ ಆ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುತ್ತಿತ್ತು.

ಭಾದ್ರಪದದಲ್ಲಿ ಒಂದು ದಿನ ವಿಜಿಗೆ ಸ್ವಲ್ಪ ರಕ್ತ ಕಂಡಿತು. ಡಾಕ್ಟರಮ್ಮ ಆಫೀಸು ಬಿಡಿಸಿ ಮಲಗಿಸಿದರು, ಎಡಮಗ್ಗುಲಿಗೇ ಮಲಗಬೇಕು ಎಂದರು. ಬಸವರಾಜ ರಜೆ ಹಾಕಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಹೊರಗೆ ಮಳೆ. ನಾನು ಅಡುಗೆ ಮಾಡುವುದು, ಉಣ್ಣಿಸುವುದು, ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡುವುದು.

ಮೂರ್ನಾಲ್ಕು ದಿನ ನನ್ನನ್ನು ನೋಡಿದ ವಿಜಿ ಒಂದು ಸಂಜೆ ಕೇಳಿದಳು, “ಯವ್ವಾ, ರೊಟ್ಟಿವೀರ ಹ್ಯಾಂಗದಾನ?”

“ಒಂದು ಕಣ್ಣು ಹೋಗೇತಿ” ಎಂದೆ.

“ಶಲ್ಯ?”

“ಅಂಚು ಬಿಟ್ಟೇತಿ. ಕೆಂಪು ಇನ್ನೂ ಅದ.”

ಅವಳು ನಕ್ಕಳು, ನಗುತ್ತಲೇ ಗೋಡೆಯ ಕಡೆ ಮುಖ ಮಾಡಿದಳು. ಸಣ್ಣ ದನಿಯಲ್ಲಿ, “ಲಗೂನ ಹಳೇದಾಗಲೆವ್ವಾ” ಎಂದಳು. ಡಾಕ್ಟರು ಬಿಡಿಸಿ ಹೇಳಿದ್ದು ಅವಳಿಗೆ ಗೊತ್ತೇ ಇತ್ತು. ಆದರೂ ಕೇಳಿದಳು. ಆಮೇಲೆ ದಿನಾ ಕೇಳಿದಳು. ಬಸವರಾಜ ಸಹ ಹಾಲು ತರಲು ಕೆಳಗಿಳಿದರೆ ಮುನ್ನಿಯನ್ನು ತಿರುಗಿಸಿ ಬೆನ್ನು ನೋಡಿಕೊಂಡೇ ಬರುತ್ತಿದ್ದರು. “ಅತ್ತೀ, ಕಾಲು ಮಾಸಾಕತ್ತಾವ” ಎನ್ನುತ್ತಿದ್ದರು, ವರದಿ ಒಪ್ಪಿಸುವವರ ಹಾಗೆ.

ಬೀದಿಗಳಲ್ಲಿ ದುರ್ಗಾಪೂಜೆಯ ಚಪ್ಪರಕ್ಕೆ ಬಿದಿರು ಕಟ್ಟುತ್ತಿದ್ದರು. ಒಂದು ಬೆಳಿಗ್ಗೆ ಜೋರು ಮಳೆ, ರಸ್ತೆಯಲ್ಲಿ ಮೊಣಕಾಲುದ್ದ ನೀರು. ಅಂಥ ಹೊತ್ತಿನಲ್ಲೇ ವಿಜಿಗೆ ನೋವು ಬಂತು, ದಿನ ತುಂಬುವ ಮೊದಲೇ. ಟ್ಯಾಕ್ಸಿಯವನು ದೊಡ್ಡ ರಸ್ತೆ ಬಿಟ್ಟು ಒಳಗೆ ಬರುವುದಿಲ್ಲ ಎಂದ. ರಾಮ್‌ಧನಿ ಎಲ್ಲಿಂದಲೋ ಸಾಮಾನು ಸಾಗಿಸುವ ಹಲಗೆಯ ಸೈಕಲ್ ರಿಕ್ಷಾ ಹಿಡಿದು ತಂದ. ವಿಜಿ ಸೋಹಿನಿ ಕೊಟ್ಟ ಜಾಕೆಟ್ಟನ್ನೇ ಹೊದ್ದು ಹಲಗೆಯ ಮೇಲೆ ಕೂತಳು, ನಾನು ಕೊಡೆ ಹಿಡಿದೆ, ಗಂಡಸರಿಬ್ಬರೂ ನೀರಿನಲ್ಲಿ ತಳ್ಳಿದರು. ಆಸ್ಪತ್ರೆಯಲ್ಲಿ ನರ್ಸುಗಳು ಅವಳ ಬೆನ್ನು ನೋಡಿ ಒಬ್ಬರನ್ನೊಬ್ಬರು ಕರೆದರು. “ದೇಖೋ, ಬೇಗುನ್ ಉಡ್‌ಛೇ!” ಬದನೆಕಾಯಿ ಹಾರುತ್ತಿದೆ, ನೋಡು ಎಂದು. ನೋವಿನ ನಡುವೆಯೂ ವಿಜಿ, “ರೊಟ್ಟೀನೂ ನೋಡ್ರಿ” ಎಂದಳು, ಕನ್ನಡದಲ್ಲೇ.

ಮಧ್ಯಾಹ್ನ ಹೆಣ್ಣುಕೂಸು ಹುಟ್ಟಿತು. ಅತ್ತಿತು, ನನಗೆ ಹೊರಗೆ ಕೇಳಿಸಿತು. ಆದರೆ ಸಣ್ಣದು, ನನ್ನ ಒಂದು ಮೊಳವೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕೆಲವು ದಿನ ಕಾಯಬೇಕು, ಏನೂ ಹೇಳಲಾಗದು ಎಂದರು. ಕಾದೆವು. ಬಸವರಾಜ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದರು, ನರ್ಸು ಬಂದು ಸರಿಸಬೇಕು. ನಾನು ದಿನಾ ಊಟ ಒಯ್ದು ಬರುವಾಗ ಸುನೈನಾ ಇಸ್ತ್ರಿ ನಿಲ್ಲಿಸಿ ಮುಖ ನೋಡುತ್ತಿದ್ದಳು. ನಾನು ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಕಡೆಗೊಂದು ಬೆಳಿಗ್ಗೆ ಡಾಕ್ಟರಮ್ಮ ಬಂದು, ತೂಕ ಹಿಡಿಯುತ್ತಿದೆ, ಹಾಲು ಚೀಪುತ್ತಿದೆ, ನಾಳೆ ಮನೆಗೆ ಕರೆದುಕೊಂಡು ಹೋಗಿ, ಮಗುವಿನ ಬಟ್ಟೆ ತನ್ನಿ ಎಂದರು.

ಅಂದು ಆಸ್ಪತ್ರೆಯಿಂದ ಮನೆವರೆಗೆ ನಾನು ನಡೆದೆನೋ ಹಾರಿದೆನೋ ಗೊತ್ತಿಲ್ಲ. ಬಂಡಿಯ ಹತ್ತಿರ ಬಂದು ಬಾಯಿ ತೆರೆದರೆ ಹಿಂದಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಸುನೈನಾ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ತಿಳಿಯಿತು.

ಮರುದಿನ ಅತ್ತೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸನ್ನು ಟ್ಯಾಕ್ಸಿಯಿಂದ ಇಳಿಸುವಾಗ ಸುನೈನಾ ಅಂಗಿ ಹಿಡಿದು ನಿಂತಿದ್ದಳು. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿದ್ದಳು. ರೊಟ್ಟಿವೀರನಲ್ಲಿ ಉಳಿದದ್ದು ಒಂದು ಬೆಳ್ಳನೆ ದುಂಡು, ಅದರ ಹಿಂದೆ ಒಂದಿಷ್ಟು ಕೆಂಪು. ಬಟ್ಟೆ ಮಾತ್ರ ಹತ್ತಿಯ ಹಾಗೆ ಮೆತ್ತಗಾಗಿತ್ತು. ಕೂಸಿಗೆ ತೊಡಿಸುವ ಮಾತೆಲ್ಲಿ, ಅದರೊಳಗೆ ಅಂಥ ಮೂರು ಕೂಸು ಹಿಡಿಯುತ್ತಿದ್ದವು. ವಿಜಿ ಅದನ್ನು ಬಿಡಿಸಿ ಉಮಾಳ ಮೇಲೆ ಹೊದಿಸಿದಳು. ಸುನೈನಾಳ ಕಂಕುಳಲ್ಲಿದ್ದ ಮುನ್ನಿ ಅದನ್ನು ಕಂಡಳು ನೋಡಿ, ಬಿಲ್ಡಿಂಗು ಬಿದ್ದುಹೋಗುವ ಹಾಗೆ ಕಿರುಚಿದಳು. ಎರಡೂ ಕೈ ಚಾಚಿ, ಬಾಗಿ, ತನ್ನ ಅಂಗಿ ತನಗೆ ಬೇಕು ಎಂದು.

“ಚುಪ್! ಅದು ತಂಗಿಯದು” ಎಂದು ಸುನೈನಾ ಗದರಿದಳು. ಮುನ್ನಿ ಕೇಳಲಿಲ್ಲ. ಅವಳ ಅಳುವಿಗೆ ಉಮಾಳೂ ಎದ್ದು ಅಳತೊಡಗಿದಳು. ವಿಜಿ ಅಳುತ್ತ ನಗುತ್ತಿದ್ದಳು, ಬಸವರಾಜ ಸುಮ್ಮನೆ ಅಳುತ್ತಿದ್ದರು.

ಸಂಜೆ ನಾನು ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದೆ.

“ಎಲ್ಲಿಗೆ ಅತ್ತೀ? ನಾ ಬರ್ಲೇನು?”

“ನೀವು ಬ್ಯಾಡ. ನೀವು ಬಂದ್ರ ಅಂಗಡೀನ ಕಟ್ಟಿಸ್ಕೊಂಡು ಬರ್ತೀರಿ.”

ಪೂಜೆಗೆ ಬಟ್ಟೆ ಕೊಳ್ಳುವವರಿಂದ ಮಾರ್ಕೆಟ್ಟು ಕಿಕ್ಕಿರಿದಿತ್ತು. ಕೋಲ್ಕತ್ತದಲ್ಲಿ ಒಬ್ಬಳೇ ಅಂಗಡಿ ಹೊಕ್ಕದ್ದು ಅದೇ ಮೊದಲು. ತೂಗುಹಾಕಿದ್ದ ಫ್ರಾಕುಗಳಲ್ಲಿ ಎಲ್ಲಕ್ಕಿಂತ ಹೊಸದಾಗಿ ಹೊಳೆಯುತ್ತಿದ್ದುದರ ಕಡೆ, ಕಡುಗುಲಾಬಿ ಬಣ್ಣ, ಝಾಲರಿ ಬೇರೆ, ಕೈ ತೋರಿಸಿದೆ. ಒಂದು ಇಷ್ಟು, ಒಂದು ಇಷ್ಟು ಎಂದು ಕೈಯಲ್ಲಿ ಎರಡು ಅಳತೆ ಹಿಡಿದು ತೋರಿಸಿದೆ.

ಅಂಗಡಿಯವನು ವಯಸ್ಸಾದವನು. ಎರಡನ್ನೂ ಹುಡುಕಿ ತೆಗೆದು ಹಿಂದಿಯಲ್ಲಿ ಕೇಳಿದ, “ಎರಡೂ ಒಂದೇ ಬಣ್ಣವಾ? ಅಕ್ಕತಂಗಿಯರಾ, ಅಜ್ಜೀ?”

“ಹೌದು” ಎಂದೆ.

“ದೊಡ್ಡವಳಿಗೆ ಎಷ್ಟು ವಯಸ್ಸು?”

ಮುನ್ನಿಯ ಹುಟ್ಟಿದ ದಿನ ನನಗೆ ಗೊತ್ತಿರಲಿಲ್ಲ. “ನಿಲ್ಲುತ್ತಾಳೆ. ಜಗಳ ಮಾಡುತ್ತಾಳೆ” ಎಂದೆ.

ಅವನು ನಕ್ಕು, ಎರಡು ಫ್ರಾಕನ್ನೂ ಒಂದೇ ಕಾಗದದಲ್ಲಿ ಸುತ್ತಿ ಕೊಟ್ಟ.